ಯಾರ ಮನೆಯ ಸೂಜಿ

ಬೀದಿಯವರು ಅವಳನ್ನು ಇನ್‌ಸ್ಪೆಕ್ಟ್ರಮ್ಮ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಪೊಲೀಸು ಇಲಾಖೆಗೂ ಅವಳಿಗೂ ಯಾವ ನಂಟೂ ಇರಲಿಲ್ಲ. ಗಂಡ ದರ್ಜಿ, ಮಗ ಬಸ್ಸಿನ ಡ್ರೈವರು, ಸೊಸೆ ಆಸ್ಪತ್ರೆಯಲ್ಲಿ ನರ್ಸು, ಮೊಮ್ಮಗಳು ಶಾಲೆಗೆ ಹೋಗುವವಳು. ಆ ಹೆಸರು ಬಂದದ್ದು ಕಸದಿಂದ. ಹಸಿ ಕಸಕ್ಕೆ ಒಂದು ಬಕೆಟ್ಟು, ಒಣ ಕಸಕ್ಕೆ ಇನ್ನೊಂದು, ಹಳೆ ಬಟ್ಟೆ ಚಿಂದಿಗೆ ವಾರಕ್ಕೊಮ್ಮೆ ಒಂದು ಚೀಲ. ಔಷಧಿ, ಪಟ್ಟಿ, ಸೂಜಿ ಅಂಥದ್ದಿದ್ದರೆ ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕಸದವಳ ಕೈಗೇ ಕೊಡಬೇಕು ಎಂದು ಬೀದಿಯ ಸಂಘದವರು ನಿಯಮ ಮಾಡಿದ್ದರು. ನಿಯಮ ಮಾಡುವುದು ಸುಲಭ, ಮಾಡಿಸುವವರು ಯಾರು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಾಗ ಇವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಿದ್ದಳು.

ಅಂದಿನಿಂದ ಬೆಳಿಗ್ಗೆ ಕಸದ ಗಾಡಿಯ ಗಂಟೆ ಕೇಳಿದರೆ ಸಾಕು, ಇನ್‌ಸ್ಪೆಕ್ಟ್ರಮ್ಮ ಕೈಯಲ್ಲೊಂದು ಕೋಲು ಹಿಡಿದು ಗಾಡಿಯ ಪಕ್ಕ ಹಾಜರು. ಬಂದ ಬಕೆಟ್ಟನ್ನೆಲ್ಲ ಕೆದಕುವಳು.

"ಇದೇನು, ಒಣ ಕಸದಲ್ಲಿ ಚಹಾದ ಚರಟ?"

"ಅಯ್ಯೋ, ಮಕ್ಕಳು ಹಾಕಿರ್ಬೇಕು ಕಣ್ರೀ."

"ನಿಮ್ಮ ಮಕ್ಕಳು ಚಹಾ ಕಾಯಿಸೋವಷ್ಟು ದೊಡ್ಡೋರಾದ್ರಾ? ತಗೊಂಡು ಹೋಗಿ, ಬೇರೆ ಮಾಡಿಕೊಂಡು ಬನ್ನಿ."

ಬೈದುಕೊಂಡೇ ಜನ ಬೇರೆ ಮಾಡಿದರು. ಸುಳ್ಳೇಕೆ ಹೇಳಬೇಕು, ಅವಳ ಬಾಯಿಯಿಂದಾಗಿ ಬೀದಿಯ ಮೂಲೆಯಲ್ಲಿದ್ದ ತಿಪ್ಪೆ ಮಾಯವಾಯಿತು. ನೊಣ, ನಾಯಿ ಕಡಿಮೆಯಾದವು. ಸಿಪ್ಪೆಯೆಲ್ಲ ಡ್ರಮ್ಮಿಗೆ ಹೋಗಿ ಗೊಬ್ಬರವಾಗುತ್ತಿತ್ತು, ಡಬ್ಬಿ ಬಾಟಲಿ ಗುಜರಿಗೆ ಹೋಗುತ್ತಿದ್ದವು. ಸಂಘದ ಕಾರ್ಯದರ್ಶಿಯಾಗಿದ್ದ ಹಾರ್ಡ್‌ವೇರ್ ಅಂಗಡಿಯವನು ಸಭೆಯಲ್ಲಿ ಅವಳ ಹೆಸರೆತ್ತಿ ಹೊಗಳಿದ. ಆ ಹೊಗಳಿಕೆ ಅವಳ ತಲೆಗೆ ಏರಿತೆಂದು ಸೊಸೆ ಹೇಳುತ್ತಿದ್ದಳು. ಏರಿತ್ತು ಕೂಡ.

ಮನೆಯಲ್ಲೂ ಅದೇ ದರ್ಬಾರು. ತಟ್ಟೆಯಲ್ಲಿ ಅನ್ನ ಬಿಡುವ ಹಾಗಿಲ್ಲ, ಬೇಳೆ ಚೆಲ್ಲುವ ಹಾಗಿಲ್ಲ.

"ಅತ್ತೆ, ಈ ಬೇಳೆ ಮೊನ್ನೇದು."

"ಮೊನ್ನೇದಾದ್ರೆ ಏನೀಗ? ಕುದಿಸಿದೀನಿ."

"ವಾಸನೆ ಬರ್ತಿದೆ."

"ನಿನ್ನ ಮೂಗಿಗೆ ಆಸ್ಪತ್ರೆ ವಾಸನೆ ಹತ್ತಿದೆ. ಬೇಳೆಗೇನೂ ಆಗಿಲ್ಲ."

ಮಗ ಇಬ್ಬರ ನಡುವೆ ಕೂತು ತಲೆ ಎತ್ತದೆ ಉಂಡು, ಡ್ಯೂಟಿಗೆ ಹೊತ್ತಾಯಿತೆಂದು ಎದ್ದುಬಿಡುವನು. ದೊಡ್ಡ ಬಸ್ಸನ್ನು ಸಂದಿಗೊಂದಿಯಲ್ಲಿ ತೂರಿಸುವ ಆಸಾಮಿ, ತಾಯಿ ಹೆಂಡತಿಯ ನಡುವೆ ಮಾತ್ರ ಅವನಿಗೆ ದಾರಿ ಸಿಗುತ್ತಿರಲಿಲ್ಲ.

ಇಷ್ಟರಲ್ಲಿ ಇನ್‌ಸ್ಪೆಕ್ಟ್ರಮ್ಮನ ಮನಸ್ಸಿಗೆ ಒಂದು ಹುಳ ಹೊಕ್ಕಿತು. ಗಂಡನೂ ಸೊಸೆಯೂ ಏನೋ ಗುಟ್ಟು ಮಾಡುತ್ತಿದ್ದಾರೆ.

ಮೊದಲು ಕಣ್ಣಿಗೆ ಬಿದ್ದದ್ದು ಚಹಾ. ಮನೆಯ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ಅಲ್ಲಿಗೆ ಚಹಾ ಒಯ್ಯುವುದು ಇವಳ ಕೆಲಸವಾಗಿತ್ತು. ಈಗ ಸೊಸೆ ತಾನೇ ಮಾಡಿ ತಾನೇ ಒಯ್ಯತೊಡಗಿದಳು. ಒಂದು ದಿನ ಗಂಡ ಬಿಟ್ಟ ಲೋಟದ ತಳಕ್ಕೆ ನಾಲಿಗೆ ಮುಟ್ಟಿಸಿ ನೋಡಿದರೆ ಸಕ್ಕರೆಯೇ ಇಲ್ಲ.

"ಏನ್ರೀ, ಚಹಾಕ್ಕೆ ಸಕ್ಕರೆ ಬೇಡವಾಯ್ತಾ?"

"ವಯಸ್ಸಾಯ್ತಲ್ಲ, ನಾಲಿಗೆಗೆ ಹಿಡಿಸ್ತಿಲ್ಲ."

"ಯಾರ ನಾಲಿಗೆಗೆ? ಸಕ್ಕರೆ ಡಬ್ಬಿಗೆ ಬೀಗ ಹಾಕಿಸಿದ್ದ ನಾಲಿಗೆಗಾ? ಸೊಸೆ ಕೊಟ್ರೆ ಸಪ್ಪೆಯೂ ಸಿಹಿ, ಹೆಂಡ್ತಿ ಕೊಟ್ರೆ ಸಿಹಿಯೂ ಕಹಿ. ಆಗಲಿ, ಆಗಲಿ."

ಬೇರೆ ಯಾರೇ ಆಗಿದ್ದರೂ ಆ ಹೊತ್ತಿಗೇ ಗಂಡನಿಗೆ ಏನಾಗಿದೆ ಎಂದು ಊಹಿಸುತ್ತಿದ್ದರು. ಆದರೆ ಗುಮಾನಿ ಎಂಬುದಕ್ಕೆ ಎದುರಿಗಿರುವುದು ಕಾಣುವುದಿಲ್ಲ, ಬಾಗಿಲ ಹಿಂದಿರುವುದೇ ಕಾಣುವುದು. ಸೊಸೆಯ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಗಂಡ ಒಳಗಿಂದ ಅಂಗಿಯ ತೋಳು ಇಳಿಸಿಕೊಳ್ಳುತ್ತ ಬರುವನು. ಏನು ಕೆಲಸ ಅಂದರೆ ಮೊಮ್ಮಗಳ ಲಂಗದ ಅಳತೆ ಎನ್ನುವನು. ಮೊಮ್ಮಗಳು ಶಾಲೆಯಲ್ಲಿದ್ದಾಳೆ! ಇಬ್ಬರೂ ಅಂಗಡಿಯಲ್ಲಿ ಪಿಸುಗುಡುತ್ತಿದ್ದರೆ, ಇವಳ ಕಾಲಸಪ್ಪಳ ಕೇಳಿ ಬಾಯಿಗೆ ಬೀಗ. ಇನ್ನು ಕಸದ ಬುಟ್ಟಿ. ಬೀದಿಯವರದ್ದನ್ನೆಲ್ಲ ಕೆದಕುವವಳು ಮನೆಯದ್ದನ್ನು ಬಿಟ್ಟಾಳೆಯೇ? ಸೊಸೆಯ ಕೋಣೆಯ ಬುಟ್ಟಿಯಲ್ಲಿ ಹತ್ತಿಯ ಚೂರು ಸಿಕ್ಕಿತು, ಅದರಲ್ಲಿ ಸಾಸಿವೆಯಷ್ಟು ರಕ್ತದ ಕಲೆ.

ಅವಳು ಕೂಡಿಸಿ ಗುಣಿಸಿ ನೋಡಿದಳು. ಸೊಸೆ ಇನ್ನೊಂದು ಮಗು ಆಗದ ಹಾಗೆ ಕದ್ದು ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾಳೆ. ಮಾವನನ್ನು ಬುಟ್ಟಿಗೆ ಹಾಕಿಕೊಂಡು ಅಂಗಡಿಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾಳೆ. ಆಮೇಲೆ ಗಂಡನನ್ನು ಕರೆದುಕೊಂಡು ಬೇರೆ ಮನೆ. ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಸುಳ್ಳಿರಬಹುದೆಂದು ಅವಳಿಗೆ ಅನ್ನಿಸಲೇ ಇಲ್ಲ.

ಸೊಸೆ ಡ್ಯೂಟಿಗೆ ಹೋದ ಒಂದು ಮಧ್ಯಾಹ್ನ, ಗುಡಿಸುವ ನೆಪ ಮಾಡಿಕೊಂಡು ಆ ಕೋಣೆಗೆ ನುಗ್ಗಿದಳು. ಮಂಚದ ಕೆಳಗೆ, ಚಪ್ಪಲಿ ಪೆಟ್ಟಿಗೆಗಳ ಹಿಂದೆ, ನೀಲಿ ಮುಚ್ಚಳದ ತಗಡಿನ ಡಬ್ಬಿ! ತನ್ನ ಅಕ್ಕ ಕೊಟ್ಟಿದ್ದ ಬಿಸ್ಕತ್ತಿನ ಡಬ್ಬಿ. ಎಷ್ಟು ದಿನದಿಂದ ಹುಡುಕುತ್ತಿದ್ದಳೋ. ಇದರಲ್ಲೇ ಇದೆ, ಅಂಗಡಿಯ ಪತ್ರವೋ, ಚಿನ್ನವೋ.

ಮುಚ್ಚಳ ತೆಗೆದರೆ ಒಳಗಿದ್ದದ್ದು ಒಂದು ಬಟ್ಟೆಯ ಸುರುಳಿ. ದಪ್ಪ ಬಟ್ಟೆಯನ್ನು ಮಡಿಸಿ ಮಡಿಸಿ ಸುತ್ತಿ, ಅಂಚನ್ನು ಕೈಯಲ್ಲೇ ಹೊಲಿದಿತ್ತು. ಆ ಹೊಲಿಗೆ ಯಾರದ್ದೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ, ಗಂಡನ ಕೈಯದ್ದೇ. ಹಿಸುಕಿ ನೋಡಿದಳು. ಒಳಗೆ ಗುಂಡಿಗಳಂಥ ಸಣ್ಣ ಸಣ್ಣ ಗಟ್ಟಿ ವಸ್ತು.

"ಥೂ! ಒಡೆದ ಗುಂಡಿಗೆ ನನ್ನ ಡಬ್ಬಿ ಬೇಕಿತ್ತಾ ಇವರಿಗೆ?" ಎಂದು ಬಾಯಿಬಿಟ್ಟೇ ಅಂದಳು.

ನಿರಾಸೆಗೆ ಸಿಟ್ಟು ಸೇರಿತು. ಸುರುಳಿಯನ್ನು ಅಂದೇ ಹೋಗಬೇಕಾಗಿದ್ದ ಚಿಂದಿ ಚೀಲಕ್ಕೆ ಎಸೆದಳು. ಬಟ್ಟೆ ಬಟ್ಟೆಯ ಜೊತೆ, ನಿಯಮ ನಿಯಮವೇ. ಡಬ್ಬಿಯನ್ನು ಸೋಪು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ರಸ್ಕು ತುಂಬಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸೊಸೆ ಕೇಳಲಿ, ಆಗ ಇದೆ ಅವಳಿಗೆ ಎಂದು ಕಾದಳು. ಸೊಸೆ ಕೇಳಲಿಲ್ಲ. ಗಂಡನೂ ಕೇಳಲಿಲ್ಲ. ಕಳವಾದ ವಸ್ತುವಿನ ಬಗ್ಗೆ ಬಾಯಿಬಿಡದವರನ್ನು ನಂಬುವುದು ಹೇಗೆ ಹೇಳಿ.

ಅದಾದ ಎರಡು ದಿನಕ್ಕೆ ಕಸದವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಳು. ಎಳೆ ವಯಸ್ಸಿನ ಹೆಂಗಸು, ಯಾವಾಗಲೂ ನಗುಮುಖ. ಅಂದು ಮುಖ ಬಿಳಿಚಿಕೊಂಡಿತ್ತು.

"ಏನೇ ಆಯ್ತು ಬೆರಳಿಗೆ?"

"ಶೆಡ್ಡಲ್ಲಿ ಚಿಂದಿ ಗಂಟು ಕಟ್ತಾ ಇದ್ದೆ ಅಮ್ಮಾ. ಮೊಣಕಾಲು ಕೊಟ್ಟು ಅದುಮಿ ಕೈ ಹಾಕಿದೆ, ಚುಚ್ಚಿಬಿಡ್ತು. ಕೊಡವಿ ನೋಡಿದ್ರೆ ಇಂಜೆಕ್ಷನ್ ಸೂಜಿ. ಒಂದೆರಡಲ್ಲ."

"ಸೂಜೀನಾ! ಚಿಂದಿ ಚೀಲದಲ್ಲಾ! ಯಾರ ಮನೇದೇ?"

"ಎಲ್ಲರದ್ದೂ ಒಂದೇ ಮೂಟೆಗೆ ಸುರೀತೀವಲ್ಲಮ್ಮಾ. ಹೇಗೆ ಹೇಳಲಿ?"

ಸೊಸೆ ಡ್ಯೂಟಿಗೆ ಹೊರಟವಳು ಬಾಗಿಲಲ್ಲೇ ಇದನ್ನು ಕೇಳಿದಳು. ಬಂದವಳೇ ಆ ಬಟ್ಟೆ ಬಿಚ್ಚಿ ಬೆರಳು ನೋಡಿ, "ಗಾಡಿ ಇಲ್ಲೇ ಬಿಡು, ನಡಿ ನನ್ ಜೊತೆ" ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸಂಜೆ ಊಟಕ್ಕೆ ಕೂತಾಗ ಹೇಳಿದಳು:

"ಇಂಜೆಕ್ಷನ್ ಕೊಟ್ಟಿದಾರೆ, ಮಾತ್ರೆ ಕೊಟ್ಟಿದಾರೆ. ಆದ್ರೆ ಸೂಜಿ ಯಾರ ಮೈಗೆ ಚುಚ್ಚಿದ್ದೋ ಗೊತ್ತಿಲ್ವಲ್ಲ. ಕೆಟ್ಟ ರೋಗ ಇದ್ದೋರದ್ದಾಗಿದ್ರೆ? ಅವಳ ರಕ್ತದಲ್ಲಿ ಕಾಣೋಕೆ ವಾರಗಟ್ಟಲೆ ಬೇಕು, ಅಲ್ಲೀವರೆಗೂ ಭಯದಲ್ಲೇ ಇರ್ಬೇಕು. ಮನೇಲಿ ಎಳೆ ಕೂಸು ಬೇರೆ. ಆ ಸೂಜಿ ನಮ್ಮದು ಅಂತ ಯಾರಾದ್ರೂ ಒಬ್ಬರು ಬಾಯಿಬಿಟ್ರೆ, ಅವರ ರಕ್ತ ಪರೀಕ್ಷೆ ಮಾಡಿ ಒಂದೇ ದಿನದಲ್ಲಿ ಹೇಳಬಹುದು."

"ಹಿಡೀತೀನಿ ನೋಡು," ಎಂದಳು ಇನ್‌ಸ್ಪೆಕ್ಟ್ರಮ್ಮ. "ಈ ಬೀದೀಲಿ ನನ್ನ ಕಣ್ಣು ತಪ್ಪಿಸಿ ಸೂಜಿ ಹಾಕಿದ್ದು ಯಾರು ಅಂತ ನಾನೂ ನೋಡ್ತೀನಿ."

ದರ್ಜಿ ತಟ್ಟೆಯಲ್ಲಿ ಬೆರಳಾಡಿಸುತ್ತ ಸೊಸೆಯ ಕಡೆ ನೋಡಿದ. ಸೊಸೆಯೂ ಅವನ ಕಡೆ ನೋಡಿದಳು. ಇನ್‌ಸ್ಪೆಕ್ಟ್ರಮ್ಮ ಇಬ್ಬರನ್ನೂ ನೋಡಿದಳು.

ಮರುದಿನದಿಂದ ತನಿಖೆ. ಒಂದೊಂದೇ ಮನೆಯ ಬಾಗಿಲು ತಟ್ಟಿ, ಯಾರಿಗೆ ಏನು ಕಾಯಿಲೆ, ಯಾರು ಯಾವ ಡಾಕ್ಟರ ಹತ್ತಿರ ಹೋಗುತ್ತಾರೆ ಎಂದೆಲ್ಲ ಕೇಳಿದಳು. ಎದುರು ಮನೆಯ ಪೋಸ್ಟ್‌ಮ್ಯಾನ್ ಹೆಂಡತಿಯ ಮಂಡಿನೋವಿನ ಚರಿತ್ರೆಯನ್ನೆಲ್ಲ ಹೊರಗೆಳೆದಳು. ಆಕೆಗೆ ಮೈ ಉರಿದುಹೋಯಿತು.

"ಊರವರ ಮನೇನೆಲ್ಲ ಶೋಧಿಸ್ತೀರಲ್ಲ, ಇಂಜೆಕ್ಷನ್ ಅನ್ನೋದು ಈ ಬೀದೀಲಿ ಯಾರ ಕೈಯಲ್ಲಿ ದಿನಾ ಇರುತ್ತೆ ಅಂತ ಚಿಕ್ಕ ಮಗೂನ ಕೇಳಿದ್ರೂ ಹೇಳುತ್ತೆ!"

ಮಾತು ಬೀದಿಯ ತುಂಬ ಹರಡಿತು. ನರ್ಸಮ್ಮ ಆವತ್ತು ಅಷ್ಟು ಗಾಬರಿಯಿಂದ ಕಸದವಳನ್ನು ಕರೆದುಕೊಂಡು ಓಡಿದ್ದೇಕೆ? ತಪ್ಪು ಇಲ್ಲದಿದ್ದರೆ ಅಷ್ಟು ಕಾಳಜಿ ಬರುತ್ತದೆಯೇ? ಸಂಘದವರು ಹಾರ್ಡ್‌ವೇರ್ ಅಂಗಡಿಯ ಮುಂದೆ ಕುರ್ಚಿ ಹಾಕಿ ಸಭೆ ಸೇರಿದರು. ಎಲ್ಲರ ಕಣ್ಣೂ ಇನ್‌ಸ್ಪೆಕ್ಟ್ರಮ್ಮನ ಮೇಲೆ.

ಬೀದಿಯಲ್ಲಿ ಗಳಿಸಿದ ಮರ್ಯಾದೆ ಕೈಬಿಟ್ಟು ಹೋಗುತ್ತಿದೆ. ಅದನ್ನು ಉಳಿಸಿಕೊಳ್ಳುವ ಅವಸರದಲ್ಲಿ, ಅಷ್ಟು ದಿನ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು.

"ನಮ್ಮ ಮನೆ ಅಂತ ನಾನು ಮುಚ್ಚಿಡೋಳಲ್ಲ," ಎಂದಳು. "ಅವಳ ರೂಮಿನ ಬುಟ್ಟೀಲಿ ರಕ್ತ ಹತ್ತಿದ ಹತ್ತಿ ನಾನೇ ಕಣ್ಣಾರೆ ನೋಡಿದೀನಿ. ಸೂಜಿ ತಂದು ಏನು ಮಾಡ್ತಾಳೋ ನನಗೆ ಗೊತ್ತಿಲ್ಲ. ಸೊಸೆಯಾದ್ರೂ ಅಷ್ಟೆ, ನಿಯಮ ನಿಯಮವೇ."

ಸಭೆಯಲ್ಲಿ ಯಾರೋ "ಭೇಷ್" ಅಂದರು. ಕಾರ್ಯದರ್ಶಿ ಆ ವಾರವೇ ಆಸ್ಪತ್ರೆಗೆ ದೂರು ಮುಟ್ಟಿಸಿದ.

ಸೊಸೆ ಒಂದು ಮಧ್ಯಾಹ್ನ, ಊಟದ ಹೊತ್ತಿಗೇ ಮನೆಗೆ ಬಂದಳು. ಸಮವಸ್ತ್ರದಲ್ಲೇ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಆಸ್ಪತ್ರೆ ಸೂಜಿ ಮನೆಗೆ ಕದ್ದು ತಂದಿದೀನಂತೆ. ವಿಚಾರಣೆ ಮುಗಿಯೋವರೆಗೂ ಬರಬೇಡ ಅಂದ್ರು. ತಪ್ಪು ಅಂತ ಆದ್ರೆ ಕೆಲಸ ಹೋಗುತ್ತೆ. ಇನ್ನು ಎಲ್ಲೂ ಸೇರಿಸ್ಕೊಳ್ಳಲ್ಲ. ಮನೆಯವರೇ ಹೇಳಿದಾರೆ ಅಂತ ದೂರಿನಲ್ಲಿ ಬರ್ದಿದೆ. ನೀವೇ ಹೇಳಿದ್ರಾ ಅತ್ತೆ?"

"ಕಂಡದ್ದು ಹೇಳಿದೆ."

"ಕಂಡದ್ದೇನು?"

"ಹತ್ತಿ. ರಕ್ತ. ನೀನು ಯಾಕೆ ಚುಚ್ಚಿಕೊಳ್ತಿದೀಯಾ ಅಂತ ಹೇಳಿಬಿಡು ಹಾಗಾದ್ರೆ."

"ನಾನು ಚುಚ್ಚಿಕೊಳ್ತಿಲ್ಲ."

"ಮತ್ಯಾರು?"

"ಅದು ನಾನು ಹೇಳೋ ವಿಷಯ ಅಲ್ಲ. ಮಾತು ಕೊಟ್ಟಿದೀನಿ."

ರಾತ್ರಿ ಊಟಕ್ಕೆ ಕೂತಾಗ ಎಂದೂ ಮಾತಾಡದ ಮಗ ಮಾತಾಡಿದ. "ಅಮ್ಮಾ, ಅವಳ ಸಂಬಳ ನಿಂತ್ರೆ ಮಗೂನ ಶಾಲೆ ಬಿಡಿಸಬೇಕಾಗುತ್ತೆ. ನಿನಗೆ ಬೀದಿಯೋರ ಚಪ್ಪಾಳೆ ಮುಖ್ಯ ಆಯ್ತಾ?"

"ಓಹೋ, ಬಾಯಿ ಬಂತಾ ನಿನಗೂ? ಯಾರು ಕಲಿಸಿದ್ದು?"

"ಯಾರೂ ಕಲಿಸಬೇಕಾಗಿಲ್ಲ."

ಮೊಮ್ಮಗಳು, "ಅಮ್ಮ ಕಳ್ಳೀನಾ ಅಜ್ಜಿ?" ಎಂದು ಕೇಳಿದಳು. ದರ್ಜಿ ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋದ.

ಮರುದಿನ ಬೆಳಿಗ್ಗೆ ಗಂಡ ಅವಳನ್ನು ಅಂಗಡಿಗೆ ಕರೆದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ, ಕಾಲು ಮಾತ್ರ ಆಡುತ್ತಿರಲಿಲ್ಲ.

"ಬಾಗಿಲು ಹಾಕು. ಒಂದು ಮಾತು ಹೇಳಬೇಕು. ಚುಚ್ಚಿಕೊಳ್ತಿರೋದು ನಾನು. ಸಕ್ಕರೆ ಕಾಯಿಲೆ ಬಂದಿದೆ ನನಗೆ. ದಿನಾ ಇಂಜೆಕ್ಷನ್, ಪೆನ್ನಿನಂಥದ್ದು, ತುದಿಗೆ ಗುಂಡಿಯಷ್ಟು ಪುಟ್ಟ ಸೂಜಿ ಸಿಕ್ಕಿಸೋದು."

"ನಿಮಗಾ? ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನಿನಗೆ ಹೇಳಿದ್ರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತೆ. ದರ್ಜಿಗೆ ಸಕ್ಕರೆ ಕಾಯಿಲೆ ಅಂತೆ, ಕಣ್ಣು ಹೋಗುತ್ತಂತೆ, ಕೈ ನಡುಗುತ್ತಂತೆ ಅಂತಾರೆ. ಆಮೇಲೆ ಕೋಟಿನ ಬಟ್ಟೆ ಯಾರು ಕೊಡ್ತಾರೆ ನನ್ನ ಕೈಗೆ? ಅವಳ ಹತ್ರ ಪ್ರಮಾಣ ಮಾಡಿಸಿಕೊಂಡಿದ್ದೆ. ಈಗ ಸಾಕು. ನಾಳೆ ಆಸ್ಪತ್ರೆಗೆ ಹೋಗಿ ಹೇಳಿಬಿಡ್ತೀನಿ."

"ಅಂದ್ರೆ ಆ ಸೂಜಿ..."

"ಛೇ ಛೇ, ಅದು ನಮ್ಮದಲ್ಲ! ನಮ್ಮ ಸೂಜಿ ಹೊರಗೆ ಹೋಗೋಕೆ ಸಾಧ್ಯವೇ ಇಲ್ಲ. ತಗಡಿನ ಡಬ್ಬೀಲಿ ಹಾಕಿಡಿ, ತುಂಬಿದ ಮೇಲೆ ಆಸ್ಪತ್ರೇಲಿ ಸುಡೋಕೆ ಕೊಡ್ತೀನಿ ಅಂದಿದ್ಲು ಅವಳು. ನಾನು ಇನ್ನೂ ಒಂದು ಕೈ ಮೇಲೆ. ಜೀವಮಾನದಲ್ಲಿ ಸೂಜಿ ಬಿಡಿಯಾಗಿ ಇಟ್ಟೋನಲ್ಲ. ದಪ್ಪ ಬಟ್ಟೇಲಿ ಸುತ್ತಿ, ಹೊಲಿದು, ಆಮೇಲೆ ಡಬ್ಬಿಗೆ ಹಾಕಿದ್ದೆ. ಮೊನ್ನೆ ಅದನ್ನ ಅವಳು ಒಯ್ದಳು. ಈಗಿನದ್ದು ಇಗೋ, ಈ ಎಣ್ಣೆ ಬಾಟಲೀಲಿ ಹಾಕ್ತಿದೀನಿ."

"ಅವಳು ಒಯ್ದಳು ಅಂತ ಹೇಳಿದ್ಲಾ?"

"ಡಬ್ಬಿ ಜಾಗದಲ್ಲಿರಲಿಲ್ಲ, ಒಯ್ದಿರ್ತಾಳೆ. ಸೂಜಿ ಗಲಾಟೆ ಆದ ದಿನ, ಅಂಗಡೀಲಿ ಜೋಪಾನವಾಗಿದೆಯಲ್ವಾ ಮಾವ ಅಂತ ಕೇಳಿದ್ಲು, ಈ ಬಾಟಲಿ ನೆನೆಸಿಕೊಂಡು ಹೂಂ ಅಂದೆ. ಅಷ್ಟರಲ್ಲಿ ನೀನು ಬಂದೆ. ನಿನ್ನ ಕಾಟದಲ್ಲಿ ಈ ಮನೇಲಿ ನೆಟ್ಟಗೆ ಎರಡು ಮಾತಾಡೋ ಹಾಗಿದೆಯಾ?"

"ಯಾವ ಡಬ್ಬಿ?" ಎಂದು ಕೇಳಿದಳು. ಕೇಳುವ ಅಗತ್ಯವಿರಲಿಲ್ಲ.

"ನೀಲಿ ಮುಚ್ಚಳದ್ದು."

ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ಈ ಸಂಗತಿ ಅವಳಿಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲ. ಗಂಡನಿಗೆ ಸೊಸೆ ಒಯ್ದಳೆಂಬ ನಂಬಿಕೆ, ಸೊಸೆಗೆ ಮಾವ ಅಂಗಡಿಗೆ ತಂದಿಟ್ಟನೆಂಬ ನಂಬಿಕೆ. ಅವಳು ಸುಮ್ಮನಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಅವಳು ಸುಮ್ಮನಿದ್ದಳು.

"ನಾಳೆ ಬೇಡ," ಎಂದು ಮಾತ್ರ ಹೇಳಿದಳು. "ಮುಂದಿನ ವಾರ ಹೋಗಿ. ನೋಡೋಣ."

ಆ ಡಬ್ಬಿಯನ್ನು ಮನೆಯಿಂದ ಸಾಗಹಾಕಬೇಕು. ಅದೇನು ಮಹಾ ಎಂದುಕೊಂಡರೆ, ಬೀದಿಯ ಕಸವನ್ನೆಲ್ಲ ಅರೆದು ಕುಡಿದವಳಿಗೆ ಒಂದು ಡಬ್ಬಿ ಎಸೆಯಲು ಜಾಗ ಸಿಗಲಿಲ್ಲ! ಒಣ ಕಸಕ್ಕೆ ಹಾಕಿದರೆ ಕಸದವಳು ನೋಡುತ್ತಾಳೆ. ಗುಜರಿಯವನಿಗೆ ಕೊಟ್ಟರೆ, ಇಷ್ಟು ಒಳ್ಳೆ ಡಬ್ಬಿ ಯಾಕಮ್ಮಾ ಅನ್ನುತ್ತಾನೆ. ಚೀಲದಲ್ಲಿಟ್ಟುಕೊಂಡು ಎರಡು ಬೀದಿ ಆಚೆ ಹೋದಳು. ಅಲ್ಲೊಬ್ಬ ಹೆಂಗಸು ಅಂಗಳ ಗುಡಿಸುತ್ತ, "ಏನಮ್ಮಾ, ಬೇರೆ ಬೀದಿ ಕಸ ಇಲ್ಲಿ ಹಾಕೋ ಹಾಗಿಲ್ಲ" ಎಂದಳು. "ಕಸ ಅಲ್ಲ ಇದು" ಎಂದು ಇವಳು ಬೆವರೊರೆಸಿಕೊಂಡು ವಾಪಸು ಬಂದಳು. ದಾರಿಯಲ್ಲಿ ಎದುರಾದವರೆಲ್ಲ ಚೀಲವನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಪೋಸ್ಟ್‌ಮ್ಯಾನ್ ಹೆಂಡತಿ ನಕ್ಕದ್ದು ತನಗೇ ಇರಬೇಕು, ಸೊಸೆ ಬಾಗಿಲು ತೆಗೆಯಲು ತಡಮಾಡಿದ್ದು ತನ್ನನ್ನು ಹಿಡಿಯಲೆಂದೇ ಇರಬೇಕು. ಡಬ್ಬಿ ಮತ್ತೆ ಬೀರುವಿಗೆ ಸೇರಿತು.

ಬೆಳಿಗ್ಗೆ ಗಾಡಿಯ ಪಕ್ಕ ನಿಲ್ಲುವುದನ್ನು ಬಿಟ್ಟಳು. ಮೈಗೆ ಹುಷಾರಿಲ್ಲ ಎಂದಳು. ಊಟ ಸೇರಲಿಲ್ಲ. ಸೊಸೆ ಮನೆಯಲ್ಲೇ ಇದ್ದು ಅಡುಗೆ, ಪಾತ್ರೆ, ಬಟ್ಟೆ ಎಲ್ಲವನ್ನೂ ತುಟಿ ಬಿಚ್ಚದೆ ಮಾಡುತ್ತಿದ್ದಳು. ಸೊಸೆಯ ಬೈಗುಳಕ್ಕಾದರೆ ಇವಳಲ್ಲಿ ಉತ್ತರ ರೆಡಿ ಇತ್ತು. ಮೌನಕ್ಕೆ ಏನು ಹೇಳುವುದು?

ಹೀಗಿರುವಾಗ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಮಾತು ಕೇಳಿಸಿತು. ಹಳೆ ಚಾಳಿ ಎಲ್ಲಿ ಹೋದೀತು, ಅಡುಗೆಮನೆಯ ಗೋಡೆಗೆ ಕಿವಿ ಕೊಟ್ಟಳು. ಕಸದವಳು ಬಂದಿದ್ದಳು.

"ಅಕ್ಕಾ, ಇನ್ನೂ ಎಷ್ಟು ವಾರ?"

"ಇನ್ನೊಂದು ಸಲ ರಕ್ತ ತೆಗೀಬೇಕು. ಮೊದಲನೇದು ಚೆನ್ನಾಗೇ ಬಂದಿದೆಯಲ್ಲ."

"ಮೊದಲನೇದನ್ನ ನಂಬೋ ಹಾಗಿಲ್ಲ ಅಂತ ನೀವೇ ಅಂದ್ರಲ್ಲ. ಮಾತ್ರೆ ನುಂಗಿದ್ರೆ ವಾಂತಿ. ಕೂಸನ್ನ ಪಕ್ಕದಲ್ಲಿ ಮಲಗಿಸ್ಕೊಳ್ಳೋಕೂ ಭಯ. ನನ್ನ ಗಂಡ ನನ್ನ ಲೋಟ ಬೇರೆ ಇಟ್ಟಿದಾನೆ." ಸ್ವಲ್ಪ ಹೊತ್ತು ಬರೀ ಬಿಕ್ಕುವ ಸದ್ದು. "ನಾನು ಯಾರಿಗೂ ಬಯ್ಯಲ್ಲ ಅಕ್ಕಾ. ಜಗಳಕ್ಕೂ ಬರಲ್ಲ. ನಮ್ಮದು ಅಂತ ಹೇಳಿದ್ರೆ ಸಾಕು. ಇಷ್ಟು ಮನೆ ಇದೆ. ಒಬ್ಬರೂ ಹೇಳಲ್ವಾ?"

"ಹೇಳ್ತಾರೆ," ಎಂದಳು ಸೊಸೆ. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

ಇನ್‌ಸ್ಪೆಕ್ಟ್ರಮ್ಮ ಗೋಡೆ ಹಿಡಿದು ನಿಂತಳು. ಅಷ್ಟಾದರೂ ಒಳಗಿನ ಹುಳ ಸಾಯಲಿಲ್ಲ: ಸೊಸೆಗೆ ಗೊತ್ತಾಗಿದೆ, ನನಗೆ ಕೇಳಲಿ ಅಂತಲೇ ಕಸದವಳನ್ನು ಕರೆಸಿದ್ದಾಳೆ. ಕರೆಸಿದ್ದರೆ ಕರೆಸಿರಲಿ, ಎಂದುಕೊಂಡಳು. ಆ ಅಳುವಂತೂ ಕರೆಸಿದ್ದಲ್ಲ.

ಕಸದವಳು ಹೋದ ಮೇಲೆ ಬೀರು ತೆಗೆದು, ಡಬ್ಬಿ ತಂದು ಸೊಸೆಯ ಮುಂದಿಟ್ಟಳು.

"ಇದು ನಿನ್ನ ಮಂಚದ ಕೆಳಗಿತ್ತು. ನಾನು ತಗೊಂಡೆ. ಒಳಗಿದ್ದ ಬಟ್ಟೆ ಸುರುಳೀನ ಚಿಂದಿ ಚೀಲಕ್ಕೆ ಹಾಕಿದೋಳು ನಾನೇ. ಗುಂಡಿ ಅಂದುಕೊಂಡೆ ಕಣೇ. ದೇವರಾಣೆ ಗುಂಡಿ ಅಂದುಕೊಂಡೆ."

ಸೊಸೆ ಮುಚ್ಚಳ ತೆಗೆದಳು. ಒಳಗೆ ರಸ್ಕು.

"ಇದನ್ನ ಮಗೂಗೆ ಕೊಟ್ರಾ?"

"ಸೋಪು ಹಾಕಿ ತಿಕ್ಕಿದ್ದೆ."

"ಯಾವತ್ತಿಂದ ಗೊತ್ತು ನಿಮಗೆ?"

"ಹೋದ ವಾರ... ಇವರು ಹೇಳಿದಾಗಿಂದ."

"ಒಂದು ವಾರ," ಎಂದಳು ಸೊಸೆ. ಡಬ್ಬಿಯನ್ನು ಎತ್ತಿ ಹಿಡಿದಳು. ಹೊಡೆದೇಬಿಡುತ್ತಾಳೆ ಅನ್ನಿಸಿತು ಅತ್ತೆಗೆ; ಹೊಡೆದರೂ ಚೆನ್ನಾಗಿತ್ತು. ಸೊಸೆ ರಸ್ಕನ್ನು ಹಸಿ ಕಸದ ಬಕೆಟ್ಟಿಗೆ ಸುರಿದು, ಅಂಗಡಿಯ ಕಡೆ ತಿರುಗಿ ಕೂಗಿದಳು: "ಮಾವ! ಚಪ್ಪಲಿ ಮೆಟ್ಟಿಕೊಳ್ಳಿ. ರಕ್ತ ಕೊಡೋಕೆ ಹೋಗಬೇಕು. ಈಗಲೇ."

ಮೂವರೂ ಹೋದರು. ಆಸ್ಪತ್ರೆಯ ಮೇಲಿನವರ ಮುಂದೆ ದರ್ಜಿ ತನ್ನ ಕಾಯಿಲೆ ಹೇಳಿಕೊಂಡ, ಇನ್‌ಸ್ಪೆಕ್ಟ್ರಮ್ಮ ತನ್ನ ಕೆಲಸ ಹೇಳಿಕೊಂಡಳು. ಅಲ್ಲಿದ್ದವರು ಅವಳನ್ನು ಮೇಲಿಂದ ಕೆಳಗೆ ನೋಡಿದ ನೋಟಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸೊಸೆಗೆ ಮರುದಿನದಿಂದ ಡ್ಯೂಟಿಗೆ ಬರಲು ಹೇಳಿದರು. ದರ್ಜಿಯ ರಕ್ತದಲ್ಲಿ ಸಕ್ಕರೆ ಬಿಟ್ಟರೆ ಮತ್ತಾವ ಕೆಟ್ಟದ್ದೂ ಇರಲಿಲ್ಲ.

"ನಾನು ಹೇಳಲಾ ಅವಳಿಗೆ?" ಎಂದು ಸೊಸೆ ಕೇಳಿದಳು.

"ಬೇಡ. ನಾನೇ ಹೇಳ್ತೀನಿ."

ಬೆಳಿಗ್ಗೆ ಗಂಟೆ ಕೇಳಿಸಿತು. ಇನ್‌ಸ್ಪೆಕ್ಟ್ರಮ್ಮ ಹಸಿ ಕಸದ ಬಕೆಟ್ಟು ಹಿಡಿದು ಹೊರಗೆ ಬಂದಳು. ಬೀದಿಯ ಹೆಂಗಸರೆಲ್ಲ ಗಾಡಿಯ ಸುತ್ತ ಇದ್ದರು. ಇದ್ದರೆ ಒಳ್ಳೆಯದೇ, ಎಲ್ಲರೂ ಕೇಳಲಿ ಎಂದು ದನಿ ಎತ್ತಿಯೇ ಹೇಳಿದಳು:

"ಆ ಸೂಜಿ ನಮ್ಮ ಮನೇದು. ನಮ್ಮ ಯಜಮಾನರದ್ದು. ಹಾಕಿದ್ದು ನಾನು. ನನ್ನ ಸೊಸೆದು ಎಳ್ಳಷ್ಟೂ ತಪ್ಪಿಲ್ಲ, ಅವಳ ಮೇಲೆ ನಾನು ಹೇಳಿದ್ದೆಲ್ಲ ಸುಳ್ಳು."

ಪೋಸ್ಟ್‌ಮ್ಯಾನ್ ಹೆಂಡತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಇನ್‌ಸ್ಪೆಕ್ಟ್ರಮ್ಮ ಅವಳ ಕಡೆ ನೋಡಲಿಲ್ಲ. ಕಸದವಳ ಹತ್ತಿರ ಹೋಗಿ, "ಅವರ ರಕ್ತ ಪರೀಕ್ಷೆ ಆಯ್ತು ಕಣಮ್ಮಾ," ಎಂದಳು. "ಯಾವ ರೋಗವೂ ಇಲ್ಲ. ನಿನಗೇನೂ ಆಗಲ್ಲ. ಇನ್ನು ಆ ಮಾತ್ರೆ ಬೇಡ ಅಂದಿದಾರೆ. ಕೂಸನ್ನ ಎತ್ಕೋ, ಪಕ್ಕದಲ್ಲಿ ಮಲಗಿಸ್ಕೋ, ಹಾಲು ಕೊಡು. ಏನೂ ಭಯ ಇಲ್ಲ."

ಕಸದವಳು ಕೂಗಾಡುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಇನ್‌ಸ್ಪೆಕ್ಟ್ರಮ್ಮನ ಮುಖವನ್ನು ತುಂಬ ಹೊತ್ತು ನೋಡಿದಳು, ಹೇಳಿದ್ದು ನಿಜವೋ ಇದರಲ್ಲೂ ಏನಾದರೂ ಇದೆಯೋ ಎಂದು ಹುಡುಕುವವಳಂತೆ.

"ಗೊತ್ತಾಗೋವರೆಗೂ ಕೊಡಬೇಡ ಅಂದಿದ್ರು ಡಾಕ್ಟ್ರು," ಎಂದಳು. "ಮೊದಮೊದಲು ಹಿಂಡಿ ಚೆಲ್ತಿದ್ದೆ. ಆಮೇಲೆ ಬರೋದೇ ನಿಂತುಹೋಯ್ತು. ಈಗ ಹಾಲಿಲ್ಲ ಅಮ್ಮಾ."

ಕಸದವಳು ಬಕೆಟ್ಟಿಗಾಗಿ ಕೈ ಚಾಚಿದಳು. ಇನ್‌ಸ್ಪೆಕ್ಟ್ರಮ್ಮನ ಬೆರಳುಗಳು ಹಿಡಿಕೆಯನ್ನು ಬಿಡಲಿಲ್ಲ.

"ಕೊಡಿ ಅಮ್ಮಾ," ಎಂದಳು ಅವಳು. "ಇನ್ನೂ ಎರಡು ಬೀದಿ ಇದೆ."